ಸೀತೆದಂಡೆಗೆ ಹಾಕಿದ ಚಪ್ಪರ

ಹೋದ ತಿಂಗಳು ಹೊನ್ನಾಳಿಯಲ್ಲಿರುವ ಮೊಮ್ಮಗಳ ಮನೆಗೆ ಹೋಗಿದ್ದೆ. ಅವಳ ಪಡಸಾಲೆಯ ಕಿಟಕಿಯ ಹತ್ತಿರ ನಾಲ್ಕು ಆರ್ಕಿಡ್ ಗಿಡಗಳಿದ್ದವು, ಇದ್ದಿಲ ಚೂರು ತುಂಬಿದ ಕುಂಡಗಳಲ್ಲಿ. "ಅಜ್ಜಿ, ಇವು ಹೂವೇ ಬಿಡ್ತಿಲ್ಲ. ಹೊರಗೆ ಇಡಲಾ, ಒಳಗೇ ಇರಲಾ?" ಎಂದು ಕೇಳಿದಳು. ಕೇಳಿದವಳು ಉತ್ತರಕ್ಕೆ ಕಾಯದೆ ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದಳು. ಅವಳಿಗೆ ಅದು ದಿನದ ಹತ್ತು ಪ್ರಶ್ನೆಗಳಲ್ಲಿ ಒಂದು. ನಾನು ಹಿಡಿದಿದ್ದ ಲೋಟವನ್ನು ಕೆಳಗಿಟ್ಟೆ. ಇದೇ ಪ್ರಶ್ನೆಯನ್ನು ನಾನು ಜಗಳೂರಿನಲ್ಲಿ ಇಡೀ ಒಂದು ಬೇಸಿಗೆ ಕೇಳಿಕೊಂಡಿದ್ದೆ. ಆಗ ನಡೆದದ್ದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ನೆನಪಿರುವಷ್ಟನ್ನು, ಏನೂ ಸೇರಿಸದೆ, ಬರೆಯಲು ನೋಡುತ್ತೇನೆ.

ಅದು ಎರಡನೇ ಮಹಾಯುದ್ಧದ ಕಾಲ. ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ನಮ್ಮ ಯಜಮಾನರು ಜಗಳೂರಿನ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ನನಗೆ ಇಪ್ಪತ್ತು ವರ್ಷ, ಮಡಿಲಲ್ಲಿ ಏಳು ತಿಂಗಳ ಮಗಳು. ನಾನು ಸೂಳೆಕೆರೆಯ ದಡದ ಹಳ್ಳಿಯವಳು, ಬಾಗಿಲು ತೆರೆದರೆ ನೀರು ಕಾಣುವ ಕಡೆ ಬೆಳೆದವಳು. ಜಗಳೂರಿನ ಆಕಾಶ ನನಗೆ ತೀರ ದೊಡ್ಡದಾಗಿ ಕಾಣುತ್ತಿತ್ತು. ಗಾಳಿ ಬೀಸಿದರೆ ಕುರಿಯ ವಾಸನೆ ಮತ್ತು ಒಣ ಮಣ್ಣಿನ ವಾಸನೆ ಒಟ್ಟಿಗೆ ಬರುತ್ತಿದ್ದವು. ಒಗೆದ ಸೀರೆಯ ಎರಡನೇ ತುದಿ ಹರವುವಷ್ಟರಲ್ಲಿ ಮೊದಲ ತುದಿ ಒಣಗಿರುತ್ತಿತ್ತು.

ಶಿವರಾತ್ರಿ ಕಳೆದು ಒಂದು ವಾರಕ್ಕೆ ಗೌರಕ್ಕ ಬಂದಳು. ಗೌರಕ್ಕ ಯಜಮಾನರ ಅಕ್ಕ. ನ್ಯಾಮತಿಗೆ ಕೊಟ್ಟಿದ್ದರು, ಗಂಡನಿಗೆ ಅಲ್ಲಿ ದಿನಸಿ ಅಂಗಡಿ. ಮಕ್ಕಳಿರಲಿಲ್ಲ. ಬಹಳ ದಿನದಿಂದ ಸಣ್ಣ ಜ್ವರ, ಕೆಮ್ಮು. ಆ ಕಡೆಯ ತಂಪು ಆಗಿಬರುವುದಿಲ್ಲ, ಸ್ವಲ್ಪ ದಿನ ಒಣ ಹವೆಯಲ್ಲಿ ಇರಲಿ ಎಂದು ಅವಳ ಮಾವ ಕಾಗದ ಬರೆದಿದ್ದರು. ಆಗ ಅವಳನ್ನು ನಾನು ಬಹುವಚನದಲ್ಲಿ ಮಾತಾಡಿಸುತ್ತಿದ್ದೆ. ಈಗ ನನಗೆ ಆಗಿನ ಅವಳ ಎರಡರಷ್ಟಕ್ಕಿಂತ ಹೆಚ್ಚು ವಯಸ್ಸು. ಬರೆಯುವಾಗ ಏಕವಚನವೇ ಬರುತ್ತದೆ.

ಬಸ್ಸಿನಿಂದ ಇಳಿಯುವಾಗ ಅವಳ ಕೈಯಲ್ಲಿ ಹಸಿ ಗೋಣಿತಾಟು ಸುತ್ತಿದ ಒಂದು ಗಂಟಿತ್ತು. ಟ್ರಂಕನ್ನು ತಮ್ಮನಿಗೆ ಕೊಟ್ಟಳು, ಗಂಟನ್ನು ಕೊಡಲಿಲ್ಲ.

"ಏನಕ್ಕಾ ಇದು, ಬಾಣಂತಿ ಕೂಸು ತಂದಂಗೆ ತಂದೀಯ?" ಎಂದರು ಯಜಮಾನರು.

"ಕೂಸೇ ಅನ್ನು. ದಾವಣಗೆರೇಲಿ ಕಂಡಕ್ಟರು ಬಸ್ಸಿನ ಮ್ಯಾಲೆ ಹಾಕ್ತೀನಿ ಅಂದ. ಬೇಕಾದ್ರೆ ಇದಕ್ಕೂ ಒಂದು ಟಿಕೀಟು ಹರಿ, ನನ್ನ ತೊಡೆ ಬಿಟ್ಟು ಇದು ಇಳಿಯಲ್ಲ ಅಂದೆ."

ಮನೆಗೆ ಬಂದು ಗೋಣಿ ಬಿಚ್ಚಿದಾಗ ಒಳಗೆ ತೊಗಟೆಯಿನ್ನೂ ಅಂಟಿಕೊಂಡಿದ್ದ ಮಾವಿನ ಕೊಂಬೆಯ ಎರಡು ತುಂಡುಗಳಿದ್ದವು. ಒಂದೊಂದರ ಮೇಲೂ ಒಂದೊಂದು ಗಿಡ, ಒಂದು ದೊಡ್ಡದು, ಒಂದು ಚಿಕ್ಕದು. ಎಲೆಗಳು ದಪ್ಪ, ನೀಳ, ನಡುವೆ ದೋಣಿಯಂತೆ ಮಡಿಸಿಕೊಂಡಿದ್ದವು. ತುದಿಗಳು ಇಲಿ ಕಡಿದ ಹಾಗೆ ಮೊಂಡು. ಬೂದು ಬಣ್ಣದ ಬೇರುಗಳು ತೊಗಟೆಯನ್ನು ತಬ್ಬಿಕೊಂಡಿದ್ದವು. ಗೌರಕ್ಕ ಬೊಗಸೆಯಲ್ಲಿ ನೀರು ಚಿಮುಕಿಸಿದಳು. ನಾನು ನೋಡುತ್ತಿದ್ದಂತೆ ಬೂದು ಬೇರು ಹಸಿರಾಯಿತು.

"ಸೀತೆದಂಡೆ," ಎಂದಳು. ಜಡೆಗೆ ಮುಡಿಯುವ ದಂಡೆಯ ಹಾಗೆ ಹೂ ಇಳಿಬಿಡುವ ಕಾಡು ಆರ್ಕಿಡ್ ಅದು. "ನಮ್ಮ ಹಿತ್ತಲಾಗೆ ಮಾವಿನ ಮರ ಬಿತ್ತು. ಎಲ್ಲಾರೂ ಸೌದೆ ಆರಿಸಿದ್ರು, ನಾನು ಇವನ್ನ ಆರಿಸ್ದೆ. ಆವಾಗಿಂದ ನನ್ನ ಕೋಣೇಲೇ ಅದಾವು. ಎರಡು ಮಳೆಗಾಲ ಆತು, ಹೂ ಇಲ್ಲ."

"ಯಾಕಕ್ಕಾ?"

"ಒಳಗಿದ್ರೆ ಬದುಕ್ತಾವೆ, ಅರಳಲ್ಲ. ಹೊರಗೆ ಇಟ್ರೆ ಅರಳಬೌದು, ಸಾಯಲೂಬೌದು. ನನಗೆ ಧೈರ್ಯ ಬರ್ಲಿಲ್ಲ."

ಅವಳೂ ಎರಡು ವರ್ಷದಿಂದ ಅದೇ ಕೋಣೆಯಲ್ಲಿದ್ದಳೆಂಬುದು ನನಗೆ ಆಮೇಲೆ ತಿಳಿಯಿತು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಜಗಲಿ, ಎರಡು ಕೋಣೆ, ಹಿಂದೆ ಹಿತ್ತಲು. ಒಳಕೋಣೆಯ ಬಚ್ಚಲ ಪಕ್ಕದ ಗೋಡೆಗೆ, ಬೆಳಕಿಂಡಿಯ ಕೆಳಗೆ, ಗಿಡಗಳನ್ನು ನೇತುಹಾಕಿದೆವು. ಅವುಗಳ ಕೆಳಗೇ ಗೌರಕ್ಕನ ಹಾಸಿಗೆ.

ಮರುದಿನ ಆಸ್ಪತ್ರೆಯ ಡಾಕ್ಟರು ಬಂದು ನೋಡಿದರು. ಬೆನ್ನಿಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಯಜಮಾನರನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು: "ಇವರು ಒಳಗೆ ಮಲಗಬಾರದು. ಹಗಲು ರಾತ್ರಿ ಹೊರಗಿನ ಗಾಳಿಯಲ್ಲೇ ಇರಬೇಕು. ಈ ಊರಿನ ಗಾಳಿಗಿಂತ ಒಳ್ಳೆಯ ಔಷಧಿ ನನ್ನ ಹತ್ತಿರ ಇಲ್ಲ. ಮಗುವನ್ನು ಹತ್ತಿರ ಬಿಡಬೇಡಿ. ತಟ್ಟೆ ಲೋಟ ಬೇರೆ ಇರಲಿ, ಕಫಕ್ಕೆ ಬೂದಿ ಹಾಕಿದ ಡಬ್ಬಿ ಇಡಿ. ಮುಟ್ಟಿದ್ದಕ್ಕೆಲ್ಲ ಇದು ಅಂಟುವುದಿಲ್ಲ, ಹೆದರಬೇಡಿ." ರೋಗದ ಹೆಸರು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೊನೆಯ ಮಾತನ್ನು ನಾನು ಕೇಳಿಸಿಕೊಂಡೆ, ನಂಬಲಿಲ್ಲ. ಅನ್ನದ ತಟ್ಟೆಯನ್ನು ಹೊಸ್ತಿಲ ಈಚೆಯಿಂದ ಸರಿಸುತ್ತಿದ್ದೆ. ಅವಳ ಸೀರೆಯನ್ನು ಕೋಲಿನಿಂದ ಎತ್ತಿ ಬಿಸಿನೀರಿಗೆ ಹಾಕುತ್ತಿದ್ದೆ. ಮೂರು ವಾರ ಒಂದೇ ಮನೆಯಲ್ಲಿದ್ದರೂ ಒಮ್ಮೆಯೂ ಅವಳನ್ನು ಮುಟ್ಟಿರಲಿಲ್ಲ. ಅವಳು ಅದನ್ನು ಗಮನಿಸಿದ್ದಳು. ಲೋಟ ಕೊಡುವಾಗ ತಾನೇ ಕೆಳಗಿಟ್ಟು ಕೈ ಹಿಂದೆ ತೆಗೆದುಕೊಳ್ಳುತ್ತಿದ್ದಳು, ನನಗೆ ಕಷ್ಟವಾಗಬಾರದೆಂದು.

ಹೊರಗೆ ಮಲಗಲು ಮಾತ್ರ ಅವಳು ಒಪ್ಪಲಿಲ್ಲ.

"ಜಗಲಿ ಮ್ಯಾಲೆ ಹಾಸ್ಕೊಡ್ತೀನಿ ಬಾರಕ್ಕಾ, ಎಷ್ಟು ಚೆಂದ ಗಾಳಿ ಬರ್ತೈತೆ," ಎಂದರು ಯಜಮಾನರು.

"ಜಗಲಿಗೆ ನಮ್ಮೋರನ್ನ ಯಾವಾಗ ತರ್ತಾರೆ ಅಂತ ನಿನಗೆ ಗೊತ್ತಿಲ್ವೇನೋ, ತಮ್ಮಾ? ಮೇಷ್ಟ್ರಾಗೀಯ."

ನಮ್ಮವರಲ್ಲಿ ಜೀವ ಹೋದವರನ್ನು ಜಗಲಿಗೆ ತಂದು, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಅವಳ ಅತ್ತೆಯನ್ನು ಹಾಗೆ ಕೂರಿಸಿದ್ದನ್ನು ಅವಳು ನೋಡಿದ್ದಳು. "ನಾನಾಗೇ ಹೋಗಿ ಅಲ್ಲಿ ಕೂತ್ಕಳಲ್ಲ," ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಪಕ್ಕದ ಮನೆಯ ಓಬಜ್ಜಿಗೆ ಇಪ್ಪತ್ತು ಮೂವತ್ತು ಕುರಿಗಳಿದ್ದವು. ಬೆಳಗಾದರೆ ಒಂದು ಚೆಂಬು ಹಾಲು ತಂದುಕೊಟ್ಟು, ಊರ ಸುದ್ದಿ ಹೇಳಿ ಹೋಗುವುದು ಅವಳ ಪದ್ಧತಿ. ಒಂದು ದಿನ ಒಳಗೆ ಇಣುಕಿ ಗೋಡೆಯ ಮೇಲಿದ್ದ ಗಿಡ ನೋಡಿದಳು. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದಳು.

"ಏನೇ ಹುಡುಗಿ, ಬದನಿಕೆ ತಂದು ಮನೆಯಾಗೆ ಕಟ್ಟೀರಲ್ಲ? ಹುಣಸೇಮರಕ್ಕೆ ಹತ್ತಿದ್ರೆ ಹುಣಸೇಮರ ಒಣಗಿಸ್ತೈತೆ ಅದು. ಕಾಯಿಲೆ ಮನುಷಾಳ ತಲೆ ಮ್ಯಾಲೆ ಅದನ್ನ ನೇತುಹಾಕಿದ್ರೆ ಉಳೀತಾಳಾ? ಎಳೇ ಕೂಸು ಬ್ಯಾರೆ ಐತೆ ಮನೆಯಾಗೆ."

ಬದನಿಕೆ ನನಗೂ ಗೊತ್ತಿತ್ತು. ಮರದ ಕೊಂಬೆಯೊಳಗೆ ಬೇರಿಳಿಸಿ, ಮರದ ರಸ ಕುಡಿದು ಬೆಳೆಯುವ ಗಿಡ. ನಮ್ಮೂರಲ್ಲೂ ಅದನ್ನು ಕಂಡರೆ ಕೊಂಬೆ ಸಮೇತ ಕಡಿಯುತ್ತಿದ್ದರು.

ಆ ಸಂಜೆ ಯಜಮಾನರು ಶಾಲೆಯಿಂದ ಬಂದು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದರು. ನಾನು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೇಳಿದೆ: "ರೀ, ಬದನಿಕೆನ ಒಳಗೆ ಇಟ್ಕೊಂಡು ಕೂತೀವಿ. ಮಗು ಐತೆ ಅಂತ ನೆಪ್ಪೈತಾ ನಿಮಗೆ? ಇವತ್ತೇ ಹೊರಗೆ ಹಾಕ್ರಿ."

ಯಜಮಾನರು ತಲೆಯೆತ್ತಿ ನನ್ನನ್ನು ನೋಡಿದರು. ಅವರಿಗೆ ಓಬಜ್ಜಿಯ ಮಾತು ಗೊತ್ತಿರಲಿಲ್ಲ, ಗಿಡದ ಯೋಚನೆಯೂ ಇರಲಿಲ್ಲ. "ಯಾರಿಗೆ ಹೇಳ್ತೀಯ?" ಎಂದರು.

"ಗಿಡಕ್ಕೆ," ಎಂದೆ.

ಬಾಗಿಲಲ್ಲಿ ಗೌರಕ್ಕ ಚೆಂಬು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಚೆಂಬನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು.

ಆ ಮಾತು ನಾನು ಗಿಡಕ್ಕೇ ಹೇಳಿದ್ದು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮಾತು ಶುರುವಾದಾಗ ಅದು ಗಿಡದ ಮಾತೇ ಆಗಿತ್ತು. ಮುಗಿಯುವಾಗ ಆಗಿರಲಿಲ್ಲ. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ.

ಬೆಳಿಗ್ಗೆ ನೋಡಿದರೆ ಗೌರಕ್ಕ ಟ್ರಂಕಿಗೆ ಸೀರೆ ಮಡಿಸಿಡುತ್ತಿದ್ದಳು. "ಬಸ್ಸು ಎಷ್ಟೊತ್ತಿಗೆ, ತಮ್ಮಾ? ನನಗೆ ಈ ನೀರು ಒಗ್ಗಲಿಲ್ಲ. ಊರಿಗೆ ಹೋಗ್ತೀನಿ."

"ಬಸ್ಸು ಕೆಟ್ಟು ದಾವಣಗೆರೇಲಿ ನಿಂತೈತಂತೆ. ಇನ್ನು ಎರಡು ದಿನ ಬರಲ್ಲ," ಎಂದರು ಯಜಮಾನರು. ಅದು ನಿಜವೇ, ಅವರೇ ಕಟ್ಟಿ ಹೇಳಿದ್ದೇ ಎಂದು ನಾನು ಕೇಳಲಿಲ್ಲ. ಅವರು ಶಾಲೆಗೆ ಹೋದರು, ನನ್ನ ಕಡೆ ನೋಡದೆ.

ನ್ಯಾಮತಿಯಲ್ಲಿ ಅವಳಿಗೆ ಕಾದಿದ್ದದ್ದು ಅದೇ ಕತ್ತಲೆಯ ಕೋಣೆ. ಅಲ್ಲಿಗೆ ಹೋದರೆ ಇನ್ನೊಂದು ಮಳೆಗಾಲ ಉಳಿಯುವುದಿಲ್ಲವೆಂದು ಡಾಕ್ಟರು ಹೇಳದಿದ್ದರೂ ನಮಗೆ ಗೊತ್ತಿತ್ತು. ಹೋಗಬೇಡಿ ಎಂದು ಹೇಳಬೇಕಾದವಳು ನಾನು. ಹೇಳಲು ಬಾಯಿ ಬರಲಿಲ್ಲ. ಹೇಳಿದ ಮಾತು ಗಿಡದ್ದೇ ಎಂದು ತೋರಿಸಿಬಿಟ್ಟರೆ ಸಾಕು ಎನ್ನಿಸಿತು. ಅವಳು ಕಣ್ಣುಮುಚ್ಚಿ ಮಲಗಿದ್ದಾಗ ಚಿಕ್ಕ ಗಿಡವನ್ನು ಗೋಡೆಯಿಂದ ಬಿಚ್ಚಿ, ಹಿತ್ತಲ ನುಗ್ಗೆಮರದ ಕೊಂಬೆಗೆ ಕಟ್ಟಿದೆ. ಎಸೆಯುವ ಮನಸ್ಸಿರಲಿಲ್ಲ, ನೋಡಿಕೊಳ್ಳುವ ಮನಸ್ಸೂ ಇರಲಿಲ್ಲ. ಆಗ ಅಲ್ಲಿ ನೆರಳಿತ್ತು. ಒಳಗೆ ಹೋಗಿ ಮಗುವಿಗೆ ಹಾಲು ಕುಡಿಸುತ್ತಾ ನಿದ್ದೆ ಹೋದೆ.

ಎದ್ದಾಗ ಮಧ್ಯಾಹ್ನ. ನೆರಳು ಸರಿದು ಹೋಗಿತ್ತು. ಹಿತ್ತಲ ಬಾಗಿಲಿಗೆ ಬಂದು ನೋಡಿದರೆ ಗೌರಕ್ಕ ನುಗ್ಗೆಮರದ ಕೆಳಗೆ ಸುಡುವ ಮಣ್ಣಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಗಿಡ. ತಲೆಯ ಮೇಲಿನ ಸೆರಗನ್ನು ಅದರ ಮೇಲೆ ಹೊದಿಸಿ, ತಾನು ಬರೀ ತಲೆಯಲ್ಲಿದ್ದಳು. ಮೂರು ವಾರದಲ್ಲಿ ಅವಳು ಹೀಗೆ ಬಯಲಿನ ಬೆಳಕಿಗೆ ಬಂದದ್ದು ಅದೇ ಮೊದಲು. ಎರಡು ಎಲೆಗಳ ಮೇಲೆ ಕಂದು ಬೊಕ್ಕೆ ಎದ್ದಿತ್ತು, ಕೈ ಸುಟ್ಟಾಗ ಏಳುವ ಹಾಗೆ.

"ಇದನ್ನ ಯಾರು ಇಲ್ಲಿ ಕಟ್ಟಿದ್ದು?"

"ನಾನೇ ಅಕ್ಕಾ. ಗಾಳಿ ಆಡಲಿ ಅಂತ."

"ಎರಡು ವರ್ಷ ಒಳಗಿದ್ದಿದ್ದನ್ನ ಒಂದೇ ದಿನಕ್ಕೆ ಹಿಂಗೆ ಹೊರಗೆ ಹಾಕ್ತಾರಾ? ಕೇಳಾಕೆ ಬಾಯಿ ಇಲ್ಲ ಅಂತ ಹಾಕ್ತಾರಾ?"

ಅವಳು ದನಿ ಎತ್ತಲಿಲ್ಲ. ಕೆಮ್ಮು ಬಂತು. ಸೆರಗಿನಿಂದ ಬಾಯಿ ಮುಚ್ಚಿ, ತಿರುಗಿ ಕೆಮ್ಮಿ ಮುಗಿಸಿದಳು. ಆಮೇಲೆ, "ಬಾ ಇಲ್ಲಿ. ದೂರಾನೇ ನಿಂತ್ಕೊಂಡು ನೋಡು," ಎಂದಳು.

ನಾನು ಎರಡು ಮಾರು ದೂರದಲ್ಲಿ ನಿಂತೆ. ಅವಳು ಒಂದು ಬೇರಿನ ಕೆಳಗೆ ಉಗುರು ತೂರಿಸಿ, ಬಹಳ ನಿಧಾನವಾಗಿ ಎತ್ತಿದಳು. ಬೇರು ಮುರಿಯಲಿಲ್ಲ. ಅದರ ಕೆಳಗಿನ ತೊಗಟೆ ಇದ್ದ ಹಾಗೇ ಇತ್ತು, ಒಂದು ಸೂಜಿ ಚುಚ್ಚಿದ ಗುರುತೂ ಇರಲಿಲ್ಲ.

"ಬದನಿಕೆ ಆದ್ರೆ ಒಳಗೆ ಇಳೀತೈತೆ, ಕಿತ್ರೆ ಕೊಂಬೇನೇ ಹರಿದು ಬರ್ತೈತೆ. ಇದು ಮ್ಯಾಲೇ ಐತೆ ನೋಡು. ಮರದ್ದು ಒಂದು ಹನಿ ಮುಟ್ಟಲ್ಲ. ಗಾಳಿ ಕುಡೀತೈತೆ, ಮ್ಯಾಲಿಂದ ಬಿದ್ದಿದ್ದು ಕುಡೀತೈತೆ. ಕೂತ್ಕಳಾಕೆ ಒಂದು ಜಾಗ ಬೇಕು, ಅದಕ್ಕೆ ಕೂತೈತೆ ಅಷ್ಟೇ. ಕೂತಿದ್ದಕ್ಕೆ ತಿಂತೈತೆ ಅಂದ್ರೆ ಹೆಂಗೆ, ನೀಲವ್ವಾ?"

ಬಂದ ದಿನದಿಂದ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನನಗೆ ಅಳು ಬಂತು. ಅವಳು ಅಳಲಿಲ್ಲ. ಗಿಡದ ಮೇಲಿನ ಸೆರಗನ್ನು ಸರಿ ಮಾಡುತ್ತಾ ಕೂತಿದ್ದಳು.

"ಇದನ್ನ ಒಳಗೆ ಇಡಬೇಕಾ, ಹೊರಗೆ ಇಡಬೇಕಾ, ನೀವೇ ಹೇಳ್ರಿ," ಎಂದೆ ಕೊನೆಗೆ. "ನನಗೆ ತಿಳಿಯಲ್ಲ. ನೀವು ಹೋದ್ರೆ ಇವೆರಡೂ ನನ್ನ ಕೈಯಾಗೆ ಸಾಯ್ತಾವೆ. ಹೋಗಬ್ಯಾಡ್ರಿ."

ಅವಳು ಹಿತ್ತಲನ್ನು ಸುತ್ತ ನೋಡಿದಳು. ಬಾವಿಯಿಲ್ಲದ, ಬೇಲಿ ಅರ್ಧ ಬಿದ್ದ ನಮ್ಮ ಹಿತ್ತಲನ್ನು ಅಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ. "ಇಲ್ಲಿ ಬಿಸಿಲು ಇಳಿಯೋ ಕಡೆ ಏನಾರ ಅಡ್ಡ ಬೇಕು," ಎಂದಳು. "ಒಂದು ಚಪ್ಪರ ಹಾಕಿದ್ರೆ ನೋಡಬೌದು. ಮೊದಲು ಬೆಳಗಿನ ಹೊತ್ತು ಒಂದು ತಾಸು. ಆಮೇಲೆ ಎರಡು. ತಡೆದ್ರೆ ಬಿಡೋಣ."

ಯಜಮಾನರು ಸಂಜೆ ಬಂದು ವಿಷಯ ಕೇಳಿದವರು ಅಂಗಿ ಕೂಡ ಬದಲಿಸಲಿಲ್ಲ, ಬೊಂಬು ಹುಡುಕಿಕೊಂಡು ಹೋದರು. ಮರುದಿನ ಓಬಜ್ಜಿಯೂ ಎರಡು ಹೊರೆ ಹೊಂಗೆಸೊಪ್ಪು ತಂದು ಹಾಕಿದಳು. "ಬದನಿಕೆಗೆ ಚಪ್ಪರ ಹಾಕೋ ಜನಾನ ಈ ವಯಸ್ನಾಗೆ ನೋಡಿದೆ," ಎಂದು ಬೈಯುತ್ತಲೇ ಗಂಟು ಬಿಗಿದಳು. ಗೌರಕ್ಕ ಅವಳನ್ನೂ ಕೂರಿಸಿಕೊಂಡು ಬೇರು ಎತ್ತಿ ತೋರಿಸಿದಳು. ಅಜ್ಜಿ ಕಣ್ಣಿನ ಹತ್ತಿರ ಹಿಡಿದು ನೋಡಿ, "ಹೌದಲ್ಲ, ಕದಿಯೋ ಕಳ್ಳಿ ಅಲ್ಲ ಬಿಡು ಇವಳು," ಎಂದಳು.

ಹಸಿರು ಚಪ್ಪರ ಬೀದಿಗೂ ಕಾಣುತ್ತಿತ್ತು. "ಏನ್ ಮೇಷ್ಟ್ರೇ, ಯಾರದು ಮದುವೆ? ನಮ್ಮನ್ನ ಕರೀಲೇ ಇಲ್ಲ," ಎಂದು ದಾರಿಯಲ್ಲಿ ಹೋಗುವವರು ಕೇಳಿದರು. ಯಜಮಾನರು ತೊದಲಿದರು. ಒಳಗಿನಿಂದ ಗೌರಕ್ಕ, "ಸೀತೆದು ಅನ್ನು," ಎಂದಳು. ಅವಳು ನಕ್ಕದ್ದನ್ನು ನಾನು ಆವತ್ತು ಕೇಳಿದೆ. ಜಗಲಿಗೆ ಬರಲೊಲ್ಲದವಳು ಚಪ್ಪರದ ಕೆಳಗೆ ಬರಲು ಹಿಂದುಮುಂದು ನೋಡಲಿಲ್ಲ. ಚಪ್ಪರದ ಕೆಳಗೆ ಯಾರೂ ಸತ್ತವರನ್ನು ಕೂರಿಸುವುದಿಲ್ಲ.

ಮೊದಲ ದಿನ ಗಿಡಗಳು ಒಂದು ತಾಸು ಹೊರಗಿದ್ದವು. ನೋಡಿಕೊಳ್ಳಲು ಅವಳೂ ಒಂದು ತಾಸು ಇದ್ದಳು. ಆಮೇಲೆ ಎರಡು, ಆಮೇಲೆ ಹೊತ್ತು ನೆತ್ತಿಗೆ ಬರುವವರೆಗೆ. ಯುಗಾದಿ ಕಳೆದು ಒಂದು ವಾರಕ್ಕೆ ಹಾಸಿಗೆಯೂ ಹೊರಗೆ ಬಂತು. ಡಾಕ್ಟರು ಬಂದವರು ಚಪ್ಪರ ನೋಡಿ, "ಮೇಷ್ಟ್ರೇ, ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿದ್ದೀರಿ," ಎಂದರು. ಯಾರ ಸಲುವಾಗಿ ಹಾಕಿದ್ದೆಂದು ನಾವು ಹೇಳಲಿಲ್ಲ.

ಆ ಬೇಸಿಗೆ ನೀರಿಗೆ ಬಹಳ ಕಷ್ಟವಾಯಿತು. ಊರ ಸೇದುವ ಬಾವಿಯಲ್ಲಿ ಕೊಡ ತುಂಬಲು ಅರ್ಧ ಹಗ್ಗ ಹೆಚ್ಚಿಗೆ ಬೇಕಾಗುತ್ತಿತ್ತು. ಅಕ್ಕಿ ತೊಳೆದ ನೀರನ್ನು ತಿಳಿಗೊಳಿಸಿ ಗಿಡಕ್ಕೆ ಚಿಮುಕಿಸುವುದನ್ನು ಗೌರಕ್ಕ ಕಲಿಸಿದಳು. ಮಧ್ಯಾಹ್ನದ ಬಿಸಿಗಾಳಿಗೆ ಹಸಿ ಗೋಣಿತಾಟನ್ನು ಪಡುವಣ ಕಡೆಗೆ ಇಳಿಬಿಡುತ್ತಿದ್ದೆವು. ಚಿಕ್ಕ ಗಿಡದ ಸುಟ್ಟ ಎಲೆಗಳು ಹಳದಿಯಾಗಿ ಒಂದೊಂದೇ ಉದುರಿದವು. ಅದು ಹೋಯಿತು ಎಂದು ನಾನು ತಿಳಿದಿದ್ದೆ. ಭರಣಿ ಮಳೆಯ ನಾಲ್ಕು ಹನಿ ಬಿದ್ದ ಮೇಲೆ ಅದರ ಬುಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಬೇರಿನ ಮೊಳಕೆ ಕಂಡಿತು. ಗೌರಕ್ಕ ದಿನಕ್ಕೆ ಹತ್ತು ಸಲ ಅದನ್ನು ನೋಡುತ್ತಿದ್ದಳು.

ಅವಳ ಸಂಜೆಯ ಜ್ವರ ಕೆಲವು ದಿನ ಬರುತ್ತಿರಲಿಲ್ಲ. ಮೈ ತುಂಬಲಿಲ್ಲ, ಆದರೆ ಮುಖದಲ್ಲಿ ಬಣ್ಣ ಬಂತು. ಮಗು ಅಂಬೆಗಾಲಿಡುತ್ತಾ ಚಪ್ಪರದ ಕಡೆ ಹೊರಟರೆ ಅವಳೇ ಕೂಗುತ್ತಿದ್ದಳು: "ಎತ್ಕಳೇ, ಎತ್ಕಳೇ, ನಿನ್ನ ಮಗಳು ದಾಳಿ ಇಟ್ಟಳು." ಒಮ್ಮೆಯೂ ಹತ್ತಿರ ಬರಲು ಬಿಡಲಿಲ್ಲ. ದೂರದಿಂದಲೇ ಅದಕ್ಕೆ ಚಪ್ಪಾಳೆ ತಟ್ಟುವುದನ್ನು ಕಲಿಸಿದಳು. ನ್ಯಾಮತಿಯಿಂದ ಯಾರೂ ಬರಲಿಲ್ಲ. ಅವಳು ಆ ಮಾತು ಎತ್ತಲಿಲ್ಲ, ಬಸ್ಸಿನ ಹೊತ್ತನ್ನೂ ಮತ್ತೆ ಕೇಳಲಿಲ್ಲ.

ಮುಂದಿನದನ್ನು ಮುಚ್ಚಿಡುವುದಿಲ್ಲ. ಗೌರಕ್ಕ ಆ ಮಳೆಗಾಲ ದಾಟಿದಳು, ಅದರ ಮುಂದಿನದನ್ನೂ ದಾಟಿದಳು. ಮೂರನೆಯದರ ಹೊತ್ತಿಗೆ ಇರಲಿಲ್ಲ. ಕೊನೆಯವರೆಗೂ ನಮ್ಮ ಮನೆಯಲ್ಲೇ ಇದ್ದಳು. ಚಪ್ಪರದ ಸೊಪ್ಪನ್ನು ವರ್ಷ ವರ್ಷ ಹೊಸದು ಮಾಡಿದೆವು. ಆದರೆ ನಾನು ಹೇಳಬೇಕಾಗಿರುವುದು ಮೊದಲ ವರ್ಷದ ಮೃಗಶಿರ ಮಳೆಯ ಒಂದು ಬೆಳಗಿನ ಮಾತು.

ರೋಹಿಣಿಯಲ್ಲೇ ದೊಡ್ಡ ಗಿಡದ ಎಲೆಯ ಸಂದಿನಿಂದ ಒಂದು ಹಸಿರು ಬಾಲ ಇಳಿದಿತ್ತು. ಅದು ದಿನಕ್ಕೆ ಒಂದು ಬೆರಳಷ್ಟು ಉದ್ದವಾಗಿ ಕೆಳಗೆ ಬಾಗಿತು. ಆ ಬೆಳಿಗ್ಗೆ ಇಡೀ ದಂಡೆ ಅರಳಿತ್ತು. ಒತ್ತೊತ್ತಾಗಿ ಬಿಳಿಯ ಹೂಗಳು, ಒಂದೊಂದರ ಮೇಲೂ ನೇರಳೆ ಚುಕ್ಕೆ. ರಾತ್ರಿಯ ಮಳೆಯ ಹನಿ ಇನ್ನೂ ನಿಂತಿತ್ತು. ವಾಸನೆ ಬಹಳ ಸಣ್ಣದು, ಮೂಗು ಹತ್ತಿರ ಒಯ್ದರೆ ಮಾತ್ರ ತಿಳಿಯುವಂಥದು.

"ಕಿತ್ಕೊಂಡು ಮುಡ್ಕೋ," ಎಂದಳು ಗೌರಕ್ಕ. "ನಿನ್ನ ಜಡೆಗೆ ಸರಿಹೋಗ್ತೈತೆ."

"ನಿಮಗೆ ಮುಡಿಸ್ತೀನಿ," ಎಂದೆ.

"ನನ್ನ ತಲೆ ಬಾಚಿ ಎಷ್ಟು ದಿನ ಆತೋ. ಬಿಡು."

ನಾನು ಒಳಗಿನಿಂದ ಬಾಚಣಿಗೆ, ಎಣ್ಣೆಯ ಬಟ್ಟಲು ತಂದು ಅವಳ ಬೆನ್ನ ಹಿಂದೆ ಕೂತೆ. ಕೂದಲು ಮುಟ್ಟುವ ಮುಂಚೆ ಕೈ ಒಂದು ಗಳಿಗೆ ನಿಂತಿತು. ಅವಳಿಗೂ ಅದು ತಿಳಿದಿರಬೇಕು, ಉಸಿರು ಹಿಡಿದಿದ್ದಳು. ಆಮೇಲೆ ಮುಟ್ಟಿದೆ. ತಲೆ ಬೆಚ್ಚಗಿತ್ತು. ಕೂದಲು ಬಹಳ ಉದುರಿತ್ತು, ಉಳಿದದ್ದು ಮಗುವಿನ ಕೂದಲಿನ ಹಾಗೆ ಮೆತ್ತಗಿತ್ತು. ಎಣ್ಣೆ ಹಚ್ಚಿದೆ, ಸಿಕ್ಕು ಬಿಡಿಸಿದೆ, ಮೂರು ಕಾಲು ಮಾಡಿ ಹೆಣೆಯತೊಡಗಿದೆ. ಅವಳ ಮುಖ ಕಾಣುತ್ತಿರಲಿಲ್ಲವಾದ್ದರಿಂದ ಹೇಳಲು ಸಾಧ್ಯವಾಯಿತೆಂದು ತೋರುತ್ತದೆ.

"ಅಕ್ಕಾ, ಆವತ್ತು ನಾನು ಹಿತ್ತಲಾಗೆ ಅಂದ ಮಾತು, ಬರೀ ಗಿಡಕ್ಕೆ ಅಂದಿದ್ದಲ್ಲ."

"ಗೊತ್ತು," ಎಂದಳು.

ಚಪ್ಪರದ ಸೊಪ್ಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಕೈಯನ್ನು ಹಿಂದಕ್ಕೆ ತಂದು, ಅರ್ಧ ಹೆಣೆದ ಜಡೆಯನ್ನು ಮುಟ್ಟಿ ನೋಡಿದಳು.

"ಕೈ ನಡುಗಿಸ್ಕೊಂಡು ಹಾಕೀಯ. ಸಡಿಲ ಆಗೈತೆ, ದಂಡೆ ನಿಲ್ಲಲ್ಲ," ಎಂದಳು.

ನಾನು ಪೂರ್ತಿ ಬಿಚ್ಚಿ, ಮೊದಲಿನಿಂದ ಬಿಗಿಯಾಗಿ ಹೆಣೆದೆ.